ತೆಳ್ಳಗಿನ ಜೇನು ಕಲಬೆರಕೆಯಾ? ದಪ್ಪ, ತೆಳು, ಭಾರ, ಅಂಟು: ಒಂದು ಚರ್ಚೆ

ಪೆರ್ಲದ ತೋಟ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಜಗಳ ನಡೆಯುತ್ತಿದೆ, ಗೊತ್ತಿದ್ದವರು ಬಗೆಹರಿಸಿಕೊಡಿ. ನೆರೆಮನೆಯವರು ಪೆಟ್ಟಿಗೆ ಇಟ್ಟು ಜೇನು ತೆಗೆಯುತ್ತಾರೆ. ಅವರಿಂದ ಒಂದು ಬಾಟಲಿ ತಂದೆ. ಚಮಚದಿಂದ ಬಿಟ್ಟರೆ ಸರ್ರನೆ ಇಳಿಯುತ್ತದೆ. ಅಂಗಡಿಯದ್ದು ಹಾಗಲ್ಲ, ನಿಧಾನವಾಗಿ ದಾರದ ಹಾಗೆ ಬೀಳುತ್ತದೆ. ಚಿಕ್ಕಮ್ಮ ಹೇಳುವುದು, "ಇದಕ್ಕೆ ಸಕ್ಕರೆ ನೀರು ಸೇರಿಸಿದ್ದಾರೆ, ಒಳ್ಳೆ ಜೇನು ದಪ್ಪ ಇರಬೇಕು" ಅಂತ. ನೆರೆಯವರು ಹಾಗೆ ಮಾಡುವ ಜನ ಅಲ್ಲ. ದಪ್ಪ ಇದ್ದರೆ ಒಳ್ಳೆಯದು, ತೆಳು ಇದ್ದರೆ ಕೆಟ್ಟದ್ದು ಅನ್ನುವ ಲೆಕ್ಕ ಸರಿಯಾ?

ಬದಿಯಡ್ಕ ಅಡುಗೆಮನೆ:
ಚಿಕ್ಕಮ್ಮ ಹೇಳಿದ್ದರಲ್ಲಿ ತಪ್ಪೇನಿದೆ? ನಾವೂ ಹಾಗೇ ನೋಡುವುದು. ಒಂದು ಹನಿ ನೀರಿಗೆ ಬಿಡಿ. ಸೀದಾ ತಳಕ್ಕೆ ಹೋಗಿ ಕೂತರೆ ಅಸಲಿ, ಮೇಲೆಯೇ ಕರಗಿದರೆ ನಕಲಿ. ಹೆಬ್ಬೆರಳ ಉಗುರಿನ ಮೇಲೆ ಇಟ್ಟರೆ ಹರಡಬಾರದು. ಇಷ್ಟು ಸಾಕು.

ಕುಂಬಳೆ ಮಾಷ್ಟ್ರು:
ಅಕ್ಕ, ಆ ಎರಡು ಪರೀಕ್ಷೆ ಎರಡು ಬೇರೆ ಬೇರೆ ಸಂಗತಿ ಅಳೆಯುತ್ತವೆ. ಹನಿ ತಳಕ್ಕೆ ಹೋಗುವುದು ಭಾರದಿಂದ, ಅಂದರೆ ಸಾಂದ್ರತೆಯಿಂದ. ಉಗುರಿನ ಮೇಲೆ ಹರಡದೆ ನಿಲ್ಲುವುದು ಬಹುಮಟ್ಟಿಗೆ ಹರಿಯಲು ಇರುವ ತಡೆಯಿಂದ. ಈ ತಡೆಗೆ ಶಾಲೆಯ ಪುಸ್ತಕದಲ್ಲಿ ಸ್ನಿಗ್ಧತೆ ಅನ್ನುತ್ತಾರೆ, ವರ್ಕ್‌ಶಾಪಿನಲ್ಲಿ ವಿಸ್ಕಾಸಿಟಿ. ಭಾರಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ.

ತೆಂಗಿನೆಣ್ಣೆ ನೀರಿಗಿಂತ ಹಗುರ, ನೀರಿನ ಮೇಲೆ ತೇಲುತ್ತದೆ. ಆದರೆ ನಮ್ಮೂರಿನ ಸೆಕೆಯಲ್ಲೂ ಅದರ ಸ್ನಿಗ್ಧತೆ ನೀರಿನ ನಲವತ್ತು ಐವತ್ತು ಪಟ್ಟು ಉಂಟು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಅದರ ಸ್ನಿಗ್ಧತೆ ನೀರಿನ ಒಂದೂವರೆ ಪಟ್ಟು ಮಾತ್ರ. ಅಷ್ಟು ಭಾರದ ವಸ್ತು ನೀರಿನ ಹಾಗೇ ಓಡುತ್ತದೆ.

ಅಳತೆಯ ಮಾನ ಪ್ಯಾಸ್ಕಲ್-ಸೆಕೆಂಡ್. ಅದರ ಸಾವಿರದ ಒಂದು ಭಾಗ ಮಿಲಿಪ್ಯಾಸ್ಕಲ್-ಸೆಕೆಂಡ್. 20 ಡಿಗ್ರಿಯಲ್ಲಿ ನೀರು ಸುಮಾರು 1. ಹಾಲು ಅದರ ಎರಡು ಪಟ್ಟಿನ ಹತ್ತಿರ. ಹರಳೆಣ್ಣೆ ಬಿಸಿ ನೋಡಿ ಐನೂರರಿಂದ ಸಾವಿರ ಪಟ್ಟು. ಜೇನು ಸಾವಿರಾರು ಪಟ್ಟು, ಕೆಲವೊಮ್ಮೆ ಹತ್ತು ಸಾವಿರವನ್ನೂ ದಾಟುತ್ತದೆ. ಒಂದೇ ಜೇನಿಗೂ ಒಂದೇ ಸಂಖ್ಯೆ ಇಲ್ಲ. ಯಾವ ಬಿಸಿಯಲ್ಲಿ ಅಂತ ಹೇಳದೆ ಸ್ನಿಗ್ಧತೆ ಹೇಳಿದರೆ ಅರ್ಧ ಮಾತು ಹೇಳಿದ ಹಾಗೆ.

ಮುಳ್ಳೇರಿಯ ಜೇನುಪೆಟ್ಟಿಗೆ:
ಪೆರ್ಲದವರೇ, ಇದು ನನಗೆ ದಿನಾ ಬರುವ ದೂರು. ಜೇನಿನ ದಪ್ಪ ನಿರ್ಧಾರ ಮಾಡುವುದು ಮುಖ್ಯವಾಗಿ ಎರಡೇ. ಅದರೊಳಗಿನ ನೀರು ಮತ್ತು ಆ ಹೊತ್ತಿನ ಬಿಸಿ.

25 ಡಿಗ್ರಿಯಲ್ಲಿ, ನೂರು ಗ್ರಾಂ ಜೇನಿನಲ್ಲಿ 17 ಗ್ರಾಂ ನೀರಿದ್ದದ್ದು 20 ಗ್ರಾಂ ಆದರೆ ಸ್ನಿಗ್ಧತೆ ಸುಮಾರು ಮೂರರಲ್ಲೊಂದು ಭಾಗಕ್ಕೆ ಇಳಿದುಬಿಡುತ್ತದೆ. ಸಾಂದ್ರತೆ ಮಾತ್ರ ಕಣ್ಣಿಗೆ ಕಾಣುವಷ್ಟೇನೂ ಬದಲಾಗುವುದಿಲ್ಲ. ಹಾಗಾಗಿ ಸರ್ರನೆ ಇಳಿಯುವ ಜೇನೂ ನೀರಿನಲ್ಲಿ ಸೀದಾ ತಳಕ್ಕೇ ಹೋಗುತ್ತದೆ. ಬಿಸಿಯೂ ಹಾಗೇ. 20 ಡಿಗ್ರಿಯಲ್ಲಿದ್ದ ಜೇನು 30ಕ್ಕೆ ಏರಿದರೆ ಮತ್ತೆ ಮೂರರಲ್ಲೊಂದರ ಹತ್ತಿರ. ಡಿಸೆಂಬರ್ ಬೆಳಿಗ್ಗೆ ನೋಡಿ ದಪ್ಪ ಅಂದವರು ಏಪ್ರಿಲ್ ಮಧ್ಯಾಹ್ನ ಅದೇ ಬಾಟಲಿ ನೋಡಿದರೆ ಕಲಬೆರಕೆ ಅನ್ನುತ್ತಾರೆ.

ಇನ್ನು ನೀರು ಯಾಕೆ ಜಾಸ್ತಿಯಾಗುತ್ತದೆ ಅಂತ. ನೊಣಗಳು ಮಕರಂದ ತಂದು, ರೆಕ್ಕೆ ಬೀಸಿ ನೀರು ಆರಿಸಿ, ಆಮೇಲೆ ಮೇಣದ ಮುಚ್ಚಳ ಹಾಕುತ್ತವೆ. ಮುಚ್ಚಳ ಬೀಳುವ ಮೊದಲೇ ತೆಗೆದರೆ ಜೇನು ತೆಳು. ಮಳೆ ಶುರುವಾದ ಮೇಲೆ ತೆಗೆದರೂ ತೆಳು. ಗಾಳಿಯಲ್ಲಿ ಅಷ್ಟು ತೇವ ಇರುವಾಗ ಪಾಪ ನೊಣಗಳು ಎಷ್ಟು ಆರಿಸಿಯಾವು? ತೆಗೆದ ಮೇಲೂ ಜೇನು ಗಾಳಿಯಿಂದ ನೀರು ಹೀರುತ್ತದೆ. ಬಾಟಲಿಯ ಮುಚ್ಚಳ ಸಡಿಲ ಬಿಟ್ಟರೆ ಜುಲೈಯಲ್ಲಿ ಮೇಲಿನ ಪದರ ಬೇರೆಯೇ ಆಗಿರುತ್ತದೆ.

ನಮ್ಮ ಕಡೆ ಜೇನು ಜಾಸ್ತಿ ಬರುವುದು ರಬ್ಬರಿನಿಂದ. ಹೂವಿನಿಂದ ಅಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಎಳೆ ಎಲೆ ಬರುವಾಗ ಎಲೆಯ ತೊಟ್ಟಿನ ತುದಿಯಲ್ಲಿ ಸಿಹಿ ಒಸರುತ್ತದೆ, ಅದು. ರಬ್ಬರ್ ಜೇನು ಬೇಗ ಹರಳುಗಟ್ಟುತ್ತದೆ. ಆಗ ಬಾಟಲಿ ತಲೆಕೆಳಗೆ ಮಾಡಿದರೂ ಬೀಳುವುದಿಲ್ಲ. ಅದನ್ನೂ ಜನ "ಸಕ್ಕರೆ ಹಾಕಿದ್ದು" ಅನ್ನುತ್ತಾರೆ. ತೆಳುವಾದರೂ ಬೈಗುಳ, ಗಟ್ಟಿಯಾದರೂ ಬೈಗುಳ.

ಬದಿಯಡ್ಕ ಅಡುಗೆಮನೆ:
ಅದೆಲ್ಲ ಸರಿ ಮಾರಾಯ್ರೆ. ಹಾಗಾದರೆ ಸಕ್ಕರೆ ಪಾಕ ಸೇರಿಸಿದ್ದು ಗೊತ್ತಾಗುವುದು ಹೇಗೆ?

ಮುಳ್ಳೇರಿಯ ಜೇನುಪೆಟ್ಟಿಗೆ:
ದಪ್ಪ ನೋಡಿ ಗೊತ್ತಾಗುವುದಿಲ್ಲ. ಅದೇ ನಾನು ಹೇಳುವುದು. ಕಲಬೆರಕೆ ಮಾಡುವವನಿಗೆ ದಪ್ಪ ಮಾಡುವುದೇ ಎಲ್ಲಕ್ಕಿಂತ ಸುಲಭ. ಸಕ್ಕರೆ ಪಾಕವನ್ನು ಇನ್ನೂ ಸ್ವಲ್ಪ ಕುದಿಸಿದರೆ ಆಯಿತು. ಇಲ್ಲೇ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರ ಕಲ್ಪರಸ ಗೊತ್ತಲ್ಲ, ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸ. ಅದನ್ನು ಕಾಯಿಸಿ ನೀರು ಆರಿಸಿದರೂ ಜೇನಿನಷ್ಟೇ ದಪ್ಪದ ಪಾಕ ಬರುತ್ತದೆ. ಅದರಲ್ಲಿ ಮೋಸ ಏನಿಲ್ಲ, ಅದು ಅದರದ್ದೇ ಹೆಸರಿನಲ್ಲಿ ಮಾರಾಟವಾಗುವ ಒಳ್ಳೆ ವಸ್ತು. ಆದರೆ ಚಮಚದಿಂದ ಬೀಳುವುದನ್ನು ನೋಡಿ ಇದು ಯಾವುದು, ಅದು ಯಾವುದು ಅಂತ ಹೇಳಲು ಯಾರಿಗೂ ಸಾಧ್ಯ ಇಲ್ಲ.

ನೀರಿನಂಶ ಮಾತ್ರ ತಿಳಿಯಬೇಕಾದರೆ ರಿಫ್ರಾಕ್ಟೋಮೀಟರ್ ಅಂತ ಕೈಯಲ್ಲಿ ಹಿಡಿಯುವ ಚಿಕ್ಕ ಸಾಧನ ಸಿಗುತ್ತದೆ. ಒಂದು ಹನಿ ಹಾಕಿ ಬೆಳಕಿಗೆ ಹಿಡಿದು ನೋಡುವುದು. ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐಯ ನಿಯಮದ ಪ್ರಕಾರ ಜೇನಿನಲ್ಲಿ ನೀರು ನೂರಕ್ಕೆ 20 ದಾಟಬಾರದು. ದಾಟಿದರೆ ಹುಳಿ ಬರುವ ಭಯ ಜಾಸ್ತಿ. ಸಕ್ಕರೆಯ ಮೂಲ ಯಾವುದು ಅಂತ ಬೇಕಾದರೆ ಲ್ಯಾಬಿಗೇ ಕೊಡಬೇಕು. ಮುಜಂಟಿ, ಅಂದರೆ ಕುಟುಕದ ಸಣ್ಣ ನೊಣದ ಜೇನಿನ ಲೆಕ್ಕ ಬೇರೆ. ಅದರಲ್ಲಿ ನೀರು ಹುಟ್ಟಿನಿಂದಲೇ ಜಾಸ್ತಿ, ಯಾವಾಗಲೂ ತೆಳ್ಳಗೇ ಇರುತ್ತದೆ. ಅದರ ಬೆಲೆ ಕೇಳಿದರೆ ಚಿಕ್ಕಮ್ಮ ಸುಮ್ಮನಾಗುತ್ತಾರೆ.

ಸೊಸೈಟಿಗೆ ಹಾಲು ಕೊಡುವವ:
ಲ್ಯಾಕ್ಟೋಮೀಟರಿನದ್ದೂ ಇದೇ ಕಥೆ ಅಲ್ವಾ? ನಮ್ಮ ಜರ್ಸಿ ದನದ ಹಾಲು ಕಣ್ಣಿಗೆ ದಪ್ಪ. ರೀಡಿಂಗ್ ಮಾತ್ರ ಪಕ್ಕದವರ ತೆಳು ಹಾಲಿಗಿಂತ ಕಮ್ಮಿ ಬಂತು. ಯಾಕೆ ಅಂತ ಯಾರೂ ಸರಿಯಾಗಿ ಹೇಳಲಿಲ್ಲ.

ಕುಂಬಳೆ ಮಾಷ್ಟ್ರು:
ಲ್ಯಾಕ್ಟೋಮೀಟರ್ ತೇಲುವುದು ಸಾಂದ್ರತೆಯ ಮೇಲೆ. ಹಾಲು ಎಷ್ಟು ದಪ್ಪಗೆ ಹರಿಯುತ್ತದೆ ಅನ್ನುವುದು ಅದಕ್ಕೆ ಬೇಡ. ರೀಡಿಂಗ್ 28 ಅಂದರೆ ಒಂದು ಲೀಟರ್ ಹಾಲಿನ ತೂಕ 1.028 ಕಿಲೋ. ಕೊಬ್ಬು ನೀರಿಗಿಂತ ಹಗುರ. ಅದು ಹಾಲಿಗೆ ದಪ್ಪ ಕೊಡುತ್ತದೆ, ಆದರೆ ರೀಡಿಂಗನ್ನು ಕೆಳಗೆ ಎಳೆಯುತ್ತದೆ. ಸಕ್ಕರೆ, ಪ್ರೋಟೀನ್, ಲವಣ ಅದನ್ನು ಮೇಲೆ ಎತ್ತುತ್ತವೆ.

ಹಾಗಾಗಿ ಕೆನೆ ತೆಗೆದರೆ ರೀಡಿಂಗ್ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡನ್ನೂ ಲೆಕ್ಕ ಹಾಕಿ ಮಾಡಿದವನ ಹಾಲು ಲ್ಯಾಕ್ಟೋಮೀಟರಿನಲ್ಲಿ ಪಾಸ್! ಅದಕ್ಕೇ ಸೊಸೈಟಿಯಲ್ಲಿ ಫ್ಯಾಟ್ ಬೇರೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಬೇರೆ ನೋಡುವುದು. ಗಂಜಿ ಪುಡಿ ಹಾಕಿ ದಪ್ಪ ಮಾಡಿದ್ದರೆ ಅಯೋಡಿನ್ ಹನಿ ನೀಲಿಯಾಗಿ ಹೇಳಿಬಿಡುತ್ತದೆ.

ಸೊಸೈಟಿಗೆ ಹಾಲು ಕೊಡುವವ:
ಈಗ ಅರ್ಥ ಆಯಿತು. ದುಡ್ಡು ಫ್ಯಾಟಿನಲ್ಲಿ ಬರುತ್ತದೆ, ಬಿಡಿ.

ನೀರ್ಚಾಲು ಅಡಿಕೆ:
ಜೇನು, ಹಾಲು ಮಾತಾಡಿದ್ದು ಸಾಕು. ನನ್ನ ಸ್ಲರಿ ಪೈಪಿಗೆ ಉತ್ತರ ಹೇಳಿ. ಗೋಬರ್ ಗ್ಯಾಸಿನ ಸ್ಲರಿಯನ್ನು ಪಂಪಿನಿಂದ ಅಡಿಕೆ ಬುಡಕ್ಕೆ ಬಿಡುತ್ತೇನೆ. ಒಂದಿಂಚಿನ ಪೈಪು. ಶುರುವಿನಲ್ಲಿ ಬರುವುದೇ ಇಲ್ಲ. ಪಂಪು ಗುರ್ ಅನ್ನುತ್ತದೆ. ಒಮ್ಮೆ ಹೊರಟಿತು ಅಂದರೆ ಚೆನ್ನಾಗಿ ಬರುತ್ತದೆ. ಚಾ ಕುಡಿಯಲು ಹೋಗಿ ಬಂದು ಮತ್ತೆ ಹಾಕಿದರೆ ಮೊದಲಿನ ಕಥೆ. ಕಸ ಸಿಕ್ಕಿಕೊಂಡದ್ದಲ್ಲ, ಬಿಚ್ಚಿ ನೋಡಿದ್ದೇನೆ. ನೀರು ಸೇರಿಸಿ ತೆಳು ಮಾಡಿದರೆ ಹೋಗುತ್ತದೆ, ಆದರೆ ಅಷ್ಟು ನೀರು ಬೇಸಿಗೆಯಲ್ಲಿ ಎಲ್ಲಿಂದ ತರಲಿ? ನಮ್ಮದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲಿ ಒಸರುವ ನೀರು.

ಕುಂಬಳೆ ಮಾಷ್ಟ್ರು:
ಒಂದಿಂಚನ್ನು ಒಂದೂವರೆ ಇಂಚು ಮಾಡಿ. ಪೈಪಿನಲ್ಲಿ ಹರಿವಿನ ನಿಯಮ ಕಂಡುಹಿಡಿದವರಲ್ಲಿ ಒಬ್ಬ ಪ್ವಾಸಾಯಿ ಅಂತ ಫ್ರಾನ್ಸಿನ ವೈದ್ಯ. ರಕ್ತ ಸಣ್ಣ ನಾಳಗಳಲ್ಲಿ ಹೇಗೆ ಹರಿಯುತ್ತದೆ ಅಂತ ತಿಳಿಯಲು 1840ರ ಸುಮಾರಿಗೆ ತೆಳ್ಳಗಿನ ಗಾಜಿನ ನಳಿಗೆಗಳಲ್ಲಿ ನೀರು ಹರಿಸಿ ಅಳೆದ. ಒತ್ತಡ ಅಷ್ಟೇ ಇದ್ದರೆ ಹರಿವು ವ್ಯಾಸದ ನಾಲ್ಕನೇ ಘಾತದ ಹಾಗೆ ಏರುತ್ತದೆ. ಒಂದೂವರೆ ಪಟ್ಟು ಅಗಲದ ಪೈಪಿನಲ್ಲಿ ಐದು ಪಟ್ಟು ಹರಿವು. ಹಳೆಯ ಸ್ನಿಗ್ಧತೆಯ ಮಾನ ಪಾಯ್ಸ್ ಅಂತ ಇದೆಯಲ್ಲ, ಅದು ಅವನ ಹೆಸರಿನಿಂದಲೇ ಬಂದದ್ದು.

ಮಂಗಳೂರಲ್ಲಿರುವ ಮಂಜೇಶ್ವರದವ:
ಮಾಷ್ಟ್ರೇ, ಅದು ಪದರ ಪದರವಾಗಿ ಶಾಂತವಾಗಿ ಹರಿಯುವ ದ್ರವದ ಲೆಕ್ಕ. ತೋಟದ ನೀರಿನ ಪೈಪಿಗೆ ಹಾಕಬೇಡಿ. ಅಲ್ಲಿ ನೀರು ಸುಳಿ ಸುಳಿಯಾಗಿ ಓಡುತ್ತದೆ. ಒಂದೂವರೆ ಇಂಚಿಗೆ ಮೂರು ಪಟ್ಟಿನ ಹತ್ತಿರ ಸಿಗುತ್ತದೆ, ಐದು ಸಿಗುವುದಿಲ್ಲ. ಸುಳಿಯಲ್ಲಿ ಸ್ನಿಗ್ಧತೆಯ ಪಾತ್ರವೂ ಕಮ್ಮಿ.

ಸ್ಲರಿಯದ್ದು ಇನ್ನೂ ಬೇರೆ. ಅದು ನೀರಿನ ಜಾತಿಯೇ ಅಲ್ಲ. ನೀರು, ಎಣ್ಣೆ, ಜೇನು ಇವನ್ನು ನಿಧಾನವಾಗಿ ಕದಡಿ, ಜೋರಾಗಿ ಕದಡಿ, ಆ ಬಿಸಿಯಲ್ಲಿ ಅವುಗಳ ಸ್ನಿಗ್ಧತೆ ಅಷ್ಟೇ. 1687ರಲ್ಲಿ ನ್ಯೂಟನ್ ಬರೆದಿಟ್ಟದ್ದು ಅದೇ ನಡತೆ, ಅದಕ್ಕೆ ಇವು ನ್ಯೂಟನ್ ದ್ರವಗಳು. ಸೆಗಣಿ ಸ್ಲರಿಯಲ್ಲಿ ನಾರು, ಅಂಟು, ಸಣ್ಣ ಕಣ ಎಲ್ಲ ಸೇರಿ ಸುಮ್ನೆ ಬಿಟ್ಟಾಗ ಒಂದು ಹೆಣಿಗೆ ಕಟ್ಟುತ್ತವೆ. ಒಂದು ಮಟ್ಟದ ಒತ್ತಡ ಬೀಳುವ ತನಕ ಅಲ್ಲಾಡುವುದೇ ಇಲ್ಲ. ಹೆಣಿಗೆ ಬಿಟ್ಟ ಮೇಲೆ ವೇಗ ಹೆಚ್ಚಿದಷ್ಟೂ ತೆಳು. ನಿಲ್ಲಿಸಿದರೆ ಮತ್ತೆ ಕಟ್ಟುತ್ತದೆ. ನಿಮ್ಮ ಚಾದ ಕಥೆಗೆ ಇದೇ ಉತ್ತರ.

ಪೈಪು ಅಗಲ ಮಾಡುವುದು ಖಂಡಿತ ಒಳ್ಳೆಯದು. ಅದಕ್ಕಿಂತ ಮೊದಲು, ಪಂಪು ಹಾಕುವ ಮುಂಚೆ ಗುಂಡಿಯಲ್ಲೇ ಚೆನ್ನಾಗಿ ಕದಡಿ. ಪಂಪಿನ ಹೊರಬಾಯಿಗೆ ಮೂರು ಬಾಯಿಯ ಒಂದು ಟಿ ಜೋಡಣೆ ಹಾಕಿ, ಸ್ವಲ್ಪ ಹೊತ್ತು ಸ್ಲರಿಯನ್ನು ಗುಂಡಿಗೇ ತಿರುಗಿ ಬಿಡಿ. ಅದು ತೆಳುವಾಗುತ್ತಾ ಬಂದ ಮೇಲೆ ತೋಟದ ಕಡೆಗೆ ತಿರುಗಿಸಿ. ಚಾಕ್ಕೆ ಹೋಗುವಾಗಲೂ ಪಂಪು ನಿಲ್ಲಿಸಬೇಡಿ, ಟಿಯಲ್ಲಿ ತಿರುಗುತ್ತಾ ಇರಲಿ. ಕೆಲಸ ಮುಗಿದ ಮೇಲೆ ಒಂದೆರಡು ಕೊಡ ನೀರಿನಿಂದ ಪೈಪು ತೊಳೆದುಬಿಡಿ. ಒಣಗಿ ಕೂತ ಸೆಗಣಿಯನ್ನು ಯಾವ ನಿಯಮವೂ ಕದಲಿಸುವುದಿಲ್ಲ.

ನೀರ್ಚಾಲು ಅಡಿಕೆ:
ಟಿ ಹಾಕುವುದು ಒಳ್ಳೆ ಉಪಾಯ. ಗೇಟ್‌ವಾಲ್ವ್ ಮನೆಯಲ್ಲೇ ಉಂಟು. ಇನ್ನೊಂದು ಕೇಳುತ್ತೇನೆ. ಅಡಿಕೆಗೆ ಸಿಂಪಡಿಸುವ ಬೋರ್ಡೋ ಮದ್ದಿಗೆ ಅಂಟು ಹಾಕುತ್ತೇವಲ್ಲ, ಅದು ಮದ್ದನ್ನು ದಪ್ಪ ಮಾಡುವುದಕ್ಕಾ?

ಮಂಗಳೂರಲ್ಲಿರುವ ಮಂಜೇಶ್ವರದವ:
ಅಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆ ಮದ್ದು ಹರಿಯುವುದರಲ್ಲಿ ಹೆಚ್ಚುಕಮ್ಮಿ ನೀರೇ. ಅಂಟು ಹಾಕುವುದು ಅಡಿಕೆಯ ನುಣುಪು ಮೈಮೇಲೆ ಹನಿ ಗುಂಡಗೆ ಉರುಳಿ ಹೋಗದೆ ಹರಡಿ ಕೂರಲಿ, ಒಣಗಿದ ಮೇಲೆ ಮಳೆಗೆ ತೊಳೆದು ಹೋಗದಿರಲಿ ಅಂತ. ಅದು ಮೇಲ್ಮೈಯ ವಿಷಯ. ನಿಜಕ್ಕೂ ದಪ್ಪ ಮಾಡಿದರೆ ನೋಝಲಿನಿಂದ ಮಂಜಾಗಿ ಬರುವುದರ ಬದಲು ದಪ್ಪ ಹನಿಯಾಗಿ ಬೀಳುತ್ತದೆ, ಮದ್ದು ನಷ್ಟ.

ಏತಡ್ಕದ ಸೊಸೆ:
ನನ್ನದು ಅಡುಗೆಮನೆಯ ಪ್ರಶ್ನೆ. ಕೂವೆ ಗಡ್ಡೆ ಅರೆದು, ಸೋಸಿ, ನೀರಿನಲ್ಲಿ ಇಟ್ಟಾಗ ಅಡಿಯಲ್ಲಿ ಬಿಳಿ ಹುಡಿ ಕೂರುತ್ತದಲ್ಲ. ಮೇಲಿನ ನೀರು ಚೆಲ್ಲಿ ಅದಕ್ಕೆ ಬೆರಳು ಚುಚ್ಚಿದರೆ ಕಲ್ಲು! ಬೆರಳು ಮೆಲ್ಲ ಇಟ್ಟರೆ ತಾನಾಗಿ ಒಳಗೆ ಇಳಿಯುತ್ತದೆ. ಉಂಡೆ ಕಟ್ಟಿ ಕೈಯಲ್ಲಿ ಹಿಡಿದರೆ ಹಿಸುಕುವ ತನಕ ಉಂಡೆ, ಬಿಟ್ಟರೆ ಬೆರಳ ಸಂದಿಯಿಂದ ಸೋರುತ್ತದೆ. ಮಕ್ಕಳಿಗೆ ಅದೇ ಆಟ. ಸ್ಲರಿ ಜೋರು ಮಾಡಿದರೆ ತೆಳು ಅಂದಿರಿ. ಇದು ಉಲ್ಟಾ ಯಾಕೆ?

ಕುಂಬಳೆ ಮಾಷ್ಟ್ರು:
ಬಹಳ ಒಳ್ಳೆ ಪ್ರಶ್ನೆ ಅಕ್ಕ. ಶಾಲೆಯಲ್ಲಿ ಕಾರ್ನ್‌ಫ್ಲೋರ್ ತಂದು ಇದೇ ಆಟ ಮಾಡಿಸುತ್ತೇವೆ. ಕೂವೆ ಮನೆಯಲ್ಲೇ ಇದ್ದದ್ದು ಯಾರಿಗೂ ಹೊಳೆಯುವುದಿಲ್ಲ.

ಹಸಿ ಕೂವೆಯ ಕಣಗಳು ಗಟ್ಟಿ, ನೀರಿನಲ್ಲಿ ಕರಗುವುದಿಲ್ಲ. ತುಂಬ ಒತ್ತೊತ್ತಾಗಿ ಇರುತ್ತವೆ, ನಡುವೆ ನೀರಿನ ತೆಳು ಪದರ. ಮಧೂರು ದೇವಸ್ಥಾನದ ಮೂಡಪ್ಪ ಸೇವೆಯ ಜನಸಂದಣಿ ನೆನಪಿಸಿಕೊಳ್ಳಿ. ಮೆಲ್ಲ ಹೋದರೆ ಒಬ್ಬರಿಗೊಬ್ಬರು ಜಾಗ ಬಿಡುತ್ತಾರೆ, ನುಗ್ಗಿದರೆ ಯಾರೂ ಅಲ್ಲಾಡಲು ಆಗುವುದಿಲ್ಲ. ಕಣಗಳೂ ಹಾಗೇ, ಜೋರಾಗಿ ಒತ್ತಿದಾಗ ನೀರಿನ ಪದರ ಸರಿದು ಕಣಕ್ಕೆ ಕಣ ಉಜ್ಜಿ ಸಿಕ್ಕಿಹಾಕಿಕೊಳ್ಳುತ್ತವೆ. ಒತ್ತಡ ತೆಗೆದ ಕೂಡಲೇ ಬಿಡುಗಡೆ.

ನೀರು ಜಾಸ್ತಿ ಇದ್ದರೆ ಈ ಆಟ ನಡೆಯುವುದಿಲ್ಲ. ನಿಮ್ಮ ತೆಳ್ಳವಿನ (ತೆಳು ಅಕ್ಕಿ ದೋಸೆಯ) ಹಿಟ್ಟಿನಲ್ಲೂ ಅಕ್ಕಿಯ ಕಣಗಳೇ ಇರುವುದು. ಆದರೆ ದೂರ ದೂರ ಇರುವುದರಿಂದ ಅದು ನೀರಿನಂತೆಯೇ ಹರಡುತ್ತದೆ, ಬಿಟ್ಟರೆ ಅಡಿಯಲ್ಲಿ ಕೂರುತ್ತದೆ. ಪ್ರತಿ ಸಲ ಸೌಟು ಹಾಕುವ ಮುಂಚೆ ಕದಡುವುದು ಅದಕ್ಕೇ.

ಏತಡ್ಕದ ಸೊಸೆ:
ಕೂವೆ ಒಲೆಗೆ ಇಟ್ಟರೆ ಮತ್ತೆ ಬೇರೆ ಆಟ. ಮಣ್ಣಿ ಅನ್ನುವ ಸಿಹಿ ಕಾಸುವಾಗ ಬಹಳ ಹೊತ್ತು ನೀರು ನೀರು. ಇದ್ದಕ್ಕಿದ್ದಂತೆ ಕೈ ತಿರುಗಿಸಲು ಆಗದಷ್ಟು ದಪ್ಪ.

ಬದಿಯಡ್ಕ ಅಡುಗೆಮನೆ:
ಇದಕ್ಕೆ ನಾನು ಹೇಳುತ್ತೇನೆ, ಅನುಭವದಿಂದ. ಅರುವತ್ತು ಎಪ್ಪತ್ತು ಡಿಗ್ರಿಯ ಹತ್ತಿರ ಕಣಗಳು ನೀರು ಕುಡಿದು ಉಬ್ಬುತ್ತವೆ. ಮಗಳು ಫುಡ್ ಟೆಕ್ನಾಲಜಿ ಓದುತ್ತಾಳೆ, ಡಿಗ್ರಿ ಅವಳು ಹೇಳಿದ್ದು. ಉಬ್ಬಿದ ಮೇಲೆ ಓಡಾಡಲು ಜಾಗವೇ ಇಲ್ಲ, ಹೊರಗೆ ನೀರೂ ಉಳಿಯುವುದಿಲ್ಲ. ಅದಕ್ಕೇ ಒಮ್ಮೆಲೇ ದಪ್ಪ. ಆಮೇಲೆ ಅತಿಯಾಗಿ ಕುದಿಸಿ ತಿರುಗಿಸಿದರೆ ಉಬ್ಬಿದ ಕಣ ಒಡೆದು ಮತ್ತೆ ಸಡಿಲವಾಗುತ್ತದೆ.

ತಣ್ಣಗಾದರೆ ಇನ್ನೂ ಗಟ್ಟಿ. ಊಟಕ್ಕೆ ಮೊದಲ ಹಂತಿಗೆ (ಪಂಕ್ತಿಗೆ) ಸರಿಯಾಗಿದ್ದ ಪಾಯಸ ಕೊನೆಯ ಹಂತಿಗೆ ಸೌಟಿನಲ್ಲಿ ನಿಲ್ಲುತ್ತದೆ. ಅಕ್ಕಿ, ಕಡಲೆಬೇಳೆ ಪಾಯಸ ಯಾವುದಾದರೂ ಸರಿ, ಒಲೆಯಿಂದ ಇಳಿಸುವಾಗ ಬೇಕಾದ್ದಕ್ಕಿಂತ ಒಂದು ಪಾಲು ತೆಳುವಾಗಿಯೇ ಇಳಿಸಬೇಕು. ಮತ್ತೆ ಸಡಿಲ ಮಾಡಬೇಕಾದರೆ ಬಿಸಿ ಮಾಡಿದ ಎರಡನೇ ಕಾಯಿಹಾಲು ಸೇರಿಸಿ, ತಣ್ಣೀರು ಬೇಡ. ದಪ್ಪ ಕಾಯಿಹಾಲು ಕೊನೆಯಲ್ಲಿ ಮಾತ್ರ, ಕುದಿಸಲೇಬಾರದು. ಕುದಿಸಿದರೆ ಒಡೆದು ಎಣ್ಣೆ ಬಿಡುತ್ತದೆ. ಅದು ದಪ್ಪ ಕಾಣುವುದೇ ಎಣ್ಣೆಯ ಸಣ್ಣ ಹನಿಗಳು ನೀರಿನಲ್ಲಿ ತುಂಬಿ ತುಳುಕುವುದರಿಂದ. ಎಣ್ಣೆ ಬೇರೆಯಾದರೆ ದಪ್ಪವೂ ಹೋಯಿತು. ಅಲ್‌ಫಾಮ್ ಜೊತೆ ಕೊಡುವ ಮಯೋನೈಸ್ ಕೂಡ ಅದೇ ಜಾತಿ ಅಂತ ಮಗಳು ಹೇಳುತ್ತಾಳೆ. ಎಣ್ಣೆ ಹರಿಯುತ್ತದೆ, ಮೊಟ್ಟೆ ಹರಿಯುತ್ತದೆ, ಎರಡು ಸೇರಿ ಕದಡಿದ್ದು ಹರಿಯುವುದಿಲ್ಲ.

ಪೆರ್ಲದ ತೋಟ:
ಮೊಸರು ಒಮ್ಮೆ ಕಡೆದರೆ ಮತ್ತೆ ಗಟ್ಟಿಯಾಗುವುದಿಲ್ಲವಲ್ಲ, ಸಾಸ್ ಮಾತ್ರ ಬಾಟಲಿಯಲ್ಲಿ ಮತ್ತೆ ಕೂರುತ್ತದೆ?

ಮಂಗಳೂರಲ್ಲಿರುವ ಮಂಜೇಶ್ವರದವ:
ಮೊಸರಿನ ಪ್ರೋಟೀನ್ ಬಲೆ ಹರಿದರೆ ಹರಿದದ್ದೇ, ಬಹುಪಾಲು ತಿರುಗಿ ಬರುವುದಿಲ್ಲ. ಟೊಮೆಟೊ ಸಾಸ್ ಬೇಗ ಚೇತರಿಸಿಕೊಳ್ಳುತ್ತದೆ. ಗೋಡೆಯ ಪೇಂಟ್ ಬೇಕೆಂದೇ ಹಾಗೆ ಮಾಡಿದ್ದು. ಬ್ರಷ್ಷಿನಡಿ ತೆಳು, ಗೋಡೆಗೆ ಹತ್ತಿದ ಮೇಲೆ ದಪ್ಪ, ಇಳಿದು ಬರಬಾರದು ಅಲ್ವಾ.

ಕಾಞಂಗಾಡಿನ ನರ್ಸ್:
ಇಷ್ಟು ಹೊತ್ತು ಓದುತ್ತಾ ಇದ್ದೆ. ಒಂದು ವಿಷಯ ಸೇರಿಸಬೇಕು ಅನಿಸಿತು. ಲಕ್ವ ಹೊಡೆದವರನ್ನು ಮನೆಯಲ್ಲಿ ನೋಡಿಕೊಳ್ಳುವವರು ದಯವಿಟ್ಟು ಓದಿ.

ಕೆಲವರಿಗೆ ಲಕ್ವದ ಮೇಲೆ ನುಂಗುವ ಶಕ್ತಿ ಕಮ್ಮಿಯಾಗುತ್ತದೆ. ಅನ್ನ ಹೇಗೋ ನುಂಗುತ್ತಾರೆ, ನೀರು ಕುಡಿದರೆ ಕೆಮ್ಮು. ಮನೆಯವರಿಗೆ ಇದು ವಿಚಿತ್ರ ಅನಿಸುತ್ತದೆ. ನೀರು ಸುಲಭ ಅಲ್ವಾ ಅಂತ. ಸುಲಭ ಅಲ್ಲ. ನೀರು ತೆಳುವಾದ್ದರಿಂದ ಗಂಟಲಿಗೆ ಬಹಳ ಬೇಗ ಇಳಿಯುತ್ತದೆ. ಶ್ವಾಸನಾಳದ ಬಾಯಿ ಮುಚ್ಚುವ ಮೊದಲೇ ಅಲ್ಲಿ ತಲುಪಿ ಶ್ವಾಸಕೋಶಕ್ಕೆ ಹೋಗಬಹುದು. ಅದರಿಂದ ನ್ಯುಮೋನಿಯಾ ಬರಬಹುದು. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಅದು ಇನ್ನೂ ಅಪಾಯ. ಹಾಗಾಗಿ ನುಂಗುವಿಕೆ ಪರೀಕ್ಷೆ ಮಾಡಿದ ಮೇಲೆ ಕೆಲವರಿಗೆ ನೀರನ್ನೂ ದಪ್ಪ ಮಾಡಿ ಕೊಡಲು ಹೇಳುತ್ತಾರೆ.

"ದಪ್ಪ" ಅಂದರೆ ಎಷ್ಟು? ಒಬ್ಬರ ದಪ್ಪ ಇನ್ನೊಬ್ಬರಿಗೆ ತೆಳು. ಅದಕ್ಕೆ ಈಗ ಐಡಿಡಿಎಸ್‌ಐ ಅಂತ ಜಗತ್ತಿನ ಬಹಳ ಕಡೆ ಬಳಸುವ ಒಂದು ಮಟ್ಟದ ಪಟ್ಟಿ ಇದೆ. ಅಳೆಯಲು 10 ಮಿಲಿಲೀಟರಿನ ಸಿರಿಂಜ್ ಸಾಕು. ಸೂಜಿ ಬೇಡ, ಒತ್ತುವ ದಂಡವನ್ನೂ ತೆಗೆಯಿರಿ. ತುದಿಗೆ ಬೆರಳು ಹಿಡಿದು 10ರ ಗೆರೆಯವರೆಗೆ ತುಂಬಿಸಿ. ಬೆರಳು ಬಿಟ್ಟು 10 ಸೆಕೆಂಡಿಗೆ ಮತ್ತೆ ಮುಚ್ಚಿ. ಒಳಗೆ 1 ಮಿಲಿಲೀಟರಿಗಿಂತ ಕಮ್ಮಿ ಉಳಿದರೆ ಮಟ್ಟ 0, ಅದು ಸಾದಾ ನೀರು. 1ರಿಂದ 4 ಉಳಿದರೆ ಮಟ್ಟ 1, 4ರಿಂದ 8 ಆದರೆ ಮಟ್ಟ 2. 8ಕ್ಕಿಂತ ಜಾಸ್ತಿ ಉಳಿದು ಸ್ವಲ್ಪವಾದರೂ ಇಳಿದಿದ್ದರೆ ಮಟ್ಟ 3. ಏನೂ ಇಳಿಯದಿದ್ದರೆ ಚಮಚದಲ್ಲಿ ಕೊಡುವ ಮಟ್ಟ 4. ಸಿರಿಂಜಿನ ಅಳತೆಯೂ ಮುಖ್ಯ. 0ಯಿಂದ 10ರ ಗೆರೆಗೆ 61.5 ಮಿಲಿಮೀಟರ್ ಇರಬೇಕು. ಬೇರೆ ಆಕಾರದ ಸಿರಿಂಜಿನಲ್ಲಿ ಲೆಕ್ಕ ತಪ್ಪುತ್ತದೆ.

ಯಾವ ಮಟ್ಟ ಬೇಕು ಅಂತ ಹೇಳುವವರು ನಿಮ್ಮ ವೈದ್ಯರು ಅಥವಾ ಸ್ಪೀಚ್ ಥೆರಪಿಸ್ಟ್. ಅದನ್ನು ನಾವು ತೀರ್ಮಾನ ಮಾಡಬಾರದು. ದಪ್ಪ ಮಾಡಿದ ನೀರು ಅಂತ ರೋಗಿ ಕುಡಿಯುವುದೇ ಕಮ್ಮಿ ಮಾಡುತ್ತಾರೆ, ಮೂತ್ರ ಕಮ್ಮಿಯಾಗುತ್ತದೆ. ಆ ಕಡೆಯೂ ಕಣ್ಣಿಡಿ.

ಏತಡ್ಕದ ಸೊಸೆ:
ಅಕ್ಕ, ನಮ್ಮ ಮಾವನಿಗೆ ಹೀಗೇ ಉಂಟು. ಗಂಜಿಯ ತೆಳಿ ಕೊಟ್ಟರೆ ಆಗುತ್ತದಾ? ಅದು ನೀರಿಗಿಂತ ದಪ್ಪ ಅಲ್ವಾ? ಕೂವೆ ನೀರು?

ಕಾಞಂಗಾಡಿನ ನರ್ಸ್:
ತಂಗಿ, ಅಂದಾಜಿನಲ್ಲಿ ಕೊಡಬೇಡ. ತೆಳಿ ಬಿಸಿಯಿದ್ದಾಗ ಒಂದು, ಆರಿದಾಗ ಇನ್ನೊಂದು. ಮೇಲೆ ಬದಿಯಡ್ಕದ ಅಕ್ಕ ಪಾಯಸಕ್ಕೆ ಹೇಳಿದ್ದು ಇಲ್ಲಿಯೂ ಸತ್ಯ. ಇನ್ನೊಂದು ತೊಂದರೆಯೂ ಇದೆ. ಅಕ್ಕಿ, ಕೂವೆ, ಕಾರ್ನ್‌ಫ್ಲೋರ್ ಯಾವ ಗಂಜಿಯಾದರೂ ಎಂಜಲು ತಾಗಿದ ಕೂಡಲೇ ತೆಳುವಾಗಲು ಶುರು. ಎಂಜಲಿನಲ್ಲಿ ಗಂಜಿ ಕರಗಿಸುವ ಅಮೈಲೇಸ್ ಇರುತ್ತದೆ. ಲೋಟದಲ್ಲಿ ಒಂದು ಗುಟುಕು ಉಳಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಕೊಟ್ಟರೆ ಅದು ಬೇರೆಯೇ ಮಟ್ಟಕ್ಕೆ ಇಳಿದಿರಬಹುದು. ನೀರು ದಪ್ಪ ಮಾಡಲು ಸಿಗುವ, ಕ್ಸಾಂಥನ್ ಗಮ್ ಅನ್ನುವ ಅಂಟು ಇರುವ ಪುಡಿಗೆ ಆ ತೊಂದರೆ ಇಲ್ಲ, ಅದಕ್ಕೇ ಈಗ ಅದನ್ನೇ ಜಾಸ್ತಿ ಬಳಸುವುದು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ "ಯಾವ ಮಟ್ಟ" ಅಂತ ಕೇಳಿ ಬರೆಸಿಕೊಂಡು ಬಾ. ಕೂರಿಸಿಯೇ ಕುಡಿಸು, ಮಲಗಿಸಿ ಬೇಡ.

ಏತಡ್ಕದ ಸೊಸೆ:
ಖಂಡಿತ ಕೇಳುತ್ತೇನೆ ಅಕ್ಕ. ಇಷ್ಟು ವಿವರ ನಮಗೆ ಯಾರೂ ಹೇಳಿರಲಿಲ್ಲ.

ಸೀತಾಂಗೋಳಿ ಹುಡುಗ:
ಗಾಜೂ ದ್ರವ, ಹಳೆ ಚರ್ಚುಗಳ ಕಿಟಕಿಯ ಗಾಜು ಶತಮಾನಗಳಲ್ಲಿ ಕೆಳಗೆ ಹರಿದು ಅಡಿ ದಪ್ಪ ಆಗಿದೆ ಅಂತ ಓದಿದ್ದೆ. ನಿಜವಾ?

ಕುಂಬಳೆ ಮಾಷ್ಟ್ರು:
ಇಲ್ಲ. ಆಗಿನ ಕಾಲದ ಗಾಜಿನ ಹಾಳೆಯೇ ಒಂದೇ ದಪ್ಪಕ್ಕೆ ಬರುತ್ತಿರಲಿಲ್ಲ. ನಿಜವಾಗಿ ನೋಡಬೇಕಾದ್ದು ಡಾಂಬರಿನ ಜಾತಿಯ ಪಿಚ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ 1927ರಲ್ಲಿ ಅದನ್ನು ಬಿಸಿ ಮಾಡಿ ಲಾಳಿಕೆಗೆ ಸುರಿದರು. 1930ರಲ್ಲಿ ಲಾಳಿಕೆಯ ತುದಿ ಕತ್ತರಿಸಿದರು. ಸುತ್ತಿಗೆಯಿಂದ ಹೊಡೆದರೆ ಪುಡಿಯಾಗುವ ವಸ್ತು ಅದು. 1938ರಲ್ಲಿ ಮೊದಲ ಹನಿ ಬಿತ್ತು, 2014ರಲ್ಲಿ ಒಂಬತ್ತನೆಯದು. ಲೆಕ್ಕ ಹಾಕಿದರೆ ನೀರಿನ 23,000 ಕೋಟಿ ಪಟ್ಟು ಸ್ನಿಗ್ಧತೆ.

ಉಪ್ಪಳ ವರ್ಕ್‌ಶಾಪ್:
ಎಲ್ಲರೂ ಬಿಸಿಗೆ ತೆಳು ಆಗುತ್ತದೆ ಅಂದಿರಿ. ನಮ್ಮ ಗಿರಾಕಿಗಳಿಗೆ ಇದೇ ಅರ್ಥ ಮಾಡಿಸಲು ಆಗುವುದಿಲ್ಲ. "ಆಯಿಲ್ ದಪ್ಪ ಹಾಕಿ ಅಣ್ಣ, ಇಂಜಿನ್ ಬಾಳಿಕೆ ಬರಲಿ" ಅನ್ನುತ್ತಾರೆ. ಡಬ್ಬಿಯ ಮೇಲೆ 20ಡಬ್ಲ್ಯೂ-40 ಅಂತ ಇರುತ್ತದಲ್ಲ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಮೊದಲ ಸಂಖ್ಯೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡುವಾಗಿನ ನಡತೆ. ಎರಡನೆಯದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದು. ಇವು ಡಿಗ್ರಿಗಳಲ್ಲ, ದರ್ಜೆಯ ಹೆಸರು. ಆಯಿಲ್‌ಗೆ ಸೇರಿಸಿದ ಪಾಲಿಮರ್ ಬಿಸಿಯಲ್ಲಿ ಬಿಚ್ಚಿಕೊಂಡು, ಪೂರ್ತಿ ತೆಳುವಾಗದ ಹಾಗೆ ತಡೆಯುತ್ತದೆ.

ಈಗಿನ ಸ್ಕೂಟರುಗಳಿಗೆ ಎಷ್ಟೋ ಕಂಪೆನಿಗಳು 10ಡಬ್ಲ್ಯೂ-30 ಹೇಳುತ್ತವೆ. ಅದರ ಒಳಗಿನ ಸಂದುಗಳು ಸಣ್ಣ. ಅದಕ್ಕೆ ದಪ್ಪ ಹಾಕಿದರೆ ಆಯಿಲ್ ಮೇಲೆ ತಲುಪುವುದು ತಡ, ಇಂಜಿನಿಗೆ ಎಳೆಯುವ ಕೆಲಸ ಜಾಸ್ತಿ, ಮೈಲೇಜ್ ಕಮ್ಮಿ. ತೀರಾ ತೆಳು ಹಾಕಿದರೆ ಲೋಹದ ನಡುವಿನ ಪದರ ಹರಿದು ಸವೆತ.

ನೀರ್ಚಾಲು ಅಡಿಕೆ:
ಹಳೆ ಆಯಿಲ್ ಕಪ್ಪಾಗಿ ನೀರಾಗಿದೆ ಅನ್ನುತ್ತಾರಲ್ಲ. ಬೆರಳಿನಲ್ಲಿ ಉಜ್ಜಿ ನೋಡಿದರೆ ಗೊತ್ತಾಗುತ್ತದಾ?

ಉಪ್ಪಳ ವರ್ಕ್‌ಶಾಪ್:
ಬೆರಳಿಗೆ ಗೊತ್ತಾಗುವುದಿಲ್ಲ ಅಣ್ಣ. ಓಡಿ ಬಂದ ಗಾಡಿಯ ಬಿಸಿ ಆಯಿಲನ್ನು ಅಂಗಡಿಯ ತಣ್ಣಗಿನ ಹೊಸ ಆಯಿಲ್ ಜೊತೆ ಹೋಲಿಸಿದರೆ ಯಾವುದೂ ನೀರೇ. ಕಪ್ಪಾದದ್ದು ಮಸಿ ಹಿಡಿದಿಟ್ಟುಕೊಂಡದ್ದರಿಂದ, ಅದು ಅದರ ಕೆಲಸವೇ. ಪೆಟ್ರೋಲ್ ಸೇರಿದರೆ ತೆಳುವಾಗುತ್ತದೆ. ಮಸಿ ಜಾಸ್ತಿಯಾಗಿ, ಬಿಸಿಗೆ ಕೆಟ್ಟರೆ ದಪ್ಪವಾಗುತ್ತದೆ. ಎರಡೂ ಒಟ್ಟಿಗೆ ಆದರೆ ಬೆರಳಿಗೆ ಹೊಸದರ ಹಾಗೇ ಕಾಣಬಹುದು.

ಡಿಪ್‌ಸ್ಟಿಕ್ ಎಳೆದು ಮೂಸಿ ನೋಡು. ಪೆಟ್ರೋಲ್ ವಾಸನೆ ಜೋರಾಗಿ ಬಂದು ಮಟ್ಟ ಹಾಕಿದ್ದಕ್ಕಿಂತ ಮೇಲೆ ಏರಿದ್ದರೆ ಗಾಡಿ ತಾ. ಇಲ್ಲದಿದ್ದರೆ ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ ಬದಲಿಸು, ಅದರಲ್ಲಿ ಹೇಳಿದ ದರ್ಜೆಯನ್ನೇ ಹಾಕು.

ನೀರ್ಚಾಲು ಅಡಿಕೆ:
ಸ್ಲರಿ ಪಂಪಿನ ಇಂಜಿನಿಗೆ ಪುಸ್ತಕ ಇಲ್ಲ, ಸೆಕೆಂಡ್‌ಹ್ಯಾಂಡ್ ತಂದದ್ದು.

ಉಪ್ಪಳ ವರ್ಕ್‌ಶಾಪ್:
ಮಾಡೆಲ್ ನಂಬರಿನ ಫೋಟೋ ಹಾಕು ಅಣ್ಣ, ನೋಡಿ ಹೇಳುತ್ತೇನೆ. ಅಲ್ಲಿಯ ತನಕ ಈಗ ಇರುವುದಕ್ಕೆ ಬೇರೆ ಆಯಿಲ್ ಸೇರಿಸಬೇಡ.